ಬಾಗಿಲ ಹಿಂದಿನ ಕೋಟು

ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಅತ್ತೆಗೆ ಸಕ್ಕರೆ ಡಬ್ಬಿ ಸಿಗಲಿಲ್ಲ.

"ಯಾವ ಪುಣ್ಯಾತ್ಗಿತ್ತಿ ಎತ್ತಿಟ್ಟಳೋ," ಎನ್ನುತ್ತ ಅವರು ಅಡುಗೆಮನೆಯ ಕಪಾಟುಗಳನ್ನು ಒಂದೊಂದಾಗಿ ತೆಗೆದು ಬಡಿದರು. "ಉಪ್ಪಿನ ಡಬ್ಬಿ ಮುಚ್ಚಳ ಟೀಪುಡಿಗೆ, ಟೀಪುಡಿ ಮುಚ್ಚಳ ಗಾಳಿಗೆ. ಸಮಾಧಾನ ಹೇಳೋಕೆ ಬಂದೋರು ಅಡುಗೆಮನೇನ ಸಂತೆ ಮಾಡಿ ಹೋಗಿದ್ದಾರೆ."

ಸೊಸೆ ಒಲೆಯ ಮುಂದೆ ನಿಂತು ಹಾಲು ಉಕ್ಕುವುದನ್ನು ನೋಡುತ್ತಿದ್ದಳು. ನೋಡುತ್ತಿದ್ದಳು, ಅಷ್ಟೇ. ಆರಿಸಬೇಕೆಂದು ತೋಚಲಿಲ್ಲ. ಅತ್ತೆಯೇ ಬಂದು ಒಲೆ ಆರಿಸಿ, ಚೆಲ್ಲಿದ ಹಾಲನ್ನು ಒರೆಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅವಳಿಗೆ ಅನ್ನಿಸಿತು. ಗಂಡ ಹೋದಾಗಿನಿಂದ ಯಾರೂ ಅವಳನ್ನು ಬೈದಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮಗು ಮಲಗಿದೆಯೇನೋ ಎಂಬಂತೆ ಎಲ್ಲರೂ ಅವಳೆದುರು ಪಿಸುಗುಟ್ಟುತ್ತಿದ್ದರು.

ಅವಳು ಅತ್ತಿರಲಿಲ್ಲ. ಗಟ್ಟಿಗಿತ್ತಿ ಎಂದರು ಕೆಲವರು. ಕಲ್ಲು ಎಂದರು ಇನ್ನು ಕೆಲವರು, ಅದೂ ಅವಳಿಗೆ ಕೇಳುವ ಹಾಗೆಯೇ. ಎರಡೂ ಅಲ್ಲ. ಹಲ್ಲು ಕೀಳುವ ಮುಂಚೆ ವೈದ್ಯರು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಇದೆ, ಆದರೆ ತನ್ನದಲ್ಲ, ಹಾಗಿತ್ತು ಅವಳಿಗೆ.

ಸಕ್ಕರೆ ಕೊನೆಗೆ ಚಪ್ಪಲಿ ಇಡುವ ಗೂಡಿನಲ್ಲಿ ಸಿಕ್ಕಿತು. "ನೋಡಿದೆಯಾ? ಇದು ನಿನ್ನ ಚಿಕ್ಕತ್ತೆಯದೇ ಕೆಲಸ," ಎಂದು ಅತ್ತೆ ಗೆದ್ದವರಂತೆ ಡಬ್ಬಿಯನ್ನು ಎದೆಗವಚಿಕೊಂಡು ಬಂದರು. ಬರುವಾಗ ಮಲಗುವ ಕೋಣೆಯ ಬಾಗಿಲ ಹಿಂದೆ ನೇತಾಡುತ್ತಿದ್ದ ಕೋಟು ಅವರ ಕಣ್ಣಿಗೆ ಬಿತ್ತು.

ಕಪ್ಪು ಕೋಟು. ಉದ್ದನೆಯದು, ದಪ್ಪನೆಯದು, ಮೊಣಕಾಲು ದಾಟುವಂಥದು.

"ಅದನ್ನ ಕೊಡೇ, ನೆನೆಹಾಕ್ತೀನಿ. ಮನೆಯೆಲ್ಲ ಹೊಗೆ ವಾಸನೆ."

"ಬೇಡ ಅತ್ತೆ."

"ಒಂದು ಸಲ ನೀರಿಗೆ ಅದ್ದಿದರೆ..."

"ಬೇಡ ಅಂದೆನಲ್ಲ!"

ಅಷ್ಟು ದಿನದಲ್ಲಿ ಅವಳ ದನಿ ಏರಿದ್ದು ಅದೇ ಮೊದಲು. ಅತ್ತೆ ಡಬ್ಬಿಯ ಮುಚ್ಚಳ ಬಿಗಿ ಮಾಡಿದರು. "ನನ್ನ ಮಗ ಸಿಗರೇಟು ಸೇದ್ತಿರ್ಲಿಲ್ಲ ಕಣೇ," ಎಂದಷ್ಟೇ ಹೇಳಿ ಒಳಗೆ ಹೋದರು.

ಸೇದುತ್ತಿದ್ದ. ಅದು ಅವಳಿಗೆ ಮಾತ್ರ ಗೊತ್ತಿದ್ದ ಗುಟ್ಟು.

ಅವಳ ಗಂಡ ಹಗಲು ಶಾಲೆಯಲ್ಲಿ ಮೇಷ್ಟ್ರು. ಸಂಜೆ ಒಂದು ಮುದ್ರಣಾಲಯದ ಮಹಡಿಯ ಮೇಲೆ, ದುಡಿದು ದಣಿದು ಬರುವ ಜನಕ್ಕೆ ಇಂಗ್ಲಿಷ್ ಹೇಳಿಕೊಡುತ್ತಿದ್ದ. ಕೊನೆಯ ಸಂಜೆ ಅವನು ಈ ಕೋಟು ತೊಟ್ಟುಕೊಂಡೇ ಮನೆಗೆ ಬಂದಿದ್ದ. ಬಾಗಿಲಲ್ಲಿ ನಿಂತು, ಕಾಲರ್ ಎತ್ತಿ, ಗಂಟಲು ದಪ್ಪ ಮಾಡಿ, "ಹೇಗಿದ್ದೀನಿ?" ಎಂದು ಕೇಳಿದ್ದ. ಅವಳು ತಲೆ ಎತ್ತದೆ, ಕಣ್ಣಂಚಿಗೆ ಬಿದ್ದ ಕಪ್ಪು ಆಕಾರಕ್ಕೆ "ಕರಡಿ ಥರ" ಎಂದಿದ್ದಳು. ಎತ್ತಲಿಲ್ಲವೇಕೆಂದರೆ ಮೊಬೈಲಿನಲ್ಲಿ ಏನನ್ನೋ ನೋಡುತ್ತಿದ್ದಳು. ಏನನ್ನು ಎಂಬುದು ಎಷ್ಟು ಯೋಚಿಸಿದರೂ ಈಗ ನೆನಪಾಗುತ್ತಿರಲಿಲ್ಲ. ಅವನು ನಕ್ಕು, ಕೋಟನ್ನು ಬಾಗಿಲ ಹಿಂದೆ ಸಿಕ್ಕಿಸಿ, ಊಟಕ್ಕೆ ಕೂತ. ಮರುದಿನ ಬಿಸಿಲು ಚುರುಕಾಗಿತ್ತು. ಬರೀ ಅಂಗಿಯಲ್ಲಿ ಹೊರಟವನು ಬಸ್ ನಿಲ್ದಾಣದಲ್ಲಿ ಕುಸಿದುಬಿದ್ದ. ಹೃದಯ ಎಂದರು.

ಅವನ ಉಳಿದ ಬಟ್ಟೆಗಳನ್ನೆಲ್ಲ ಬಂದ ಹೆಂಗಸರು ಒಗೆದು ಮಡಿಸಿಬಿಟ್ಟಿದ್ದರು. ಸೋಪಿನ ವಾಸನೆ ಬಿಟ್ಟರೆ ಅವುಗಳಲ್ಲಿ ಏನೂ ಇರಲಿಲ್ಲ. ಬಾಗಿಲು ಗೋಡೆಗೆ ತಾಗಿ ನಿಂತಿದ್ದರಿಂದ ಕೋಟು ಮಾತ್ರ ಅವರ ಕೈಗೆ ಸಿಗದೆ ಪಾರಾಗಿತ್ತು. ಅವಳು ಅದನ್ನು ಹೊದ್ದು ಮಲಗತೊಡಗಿದಳು. ಅದರಲ್ಲಿ ಹೊಗೆಯ ವಾಸನೆ, ಯಂತ್ರದ ಎಣ್ಣೆಯ ವಾಸನೆ, ನೋವಿನ ಮುಲಾಮಿನ ವಾಸನೆ. ತನಗೆ ಗೊತ್ತಿದ್ದ ಗಂಡನ ವಾಸನೆ ಇದಲ್ಲ. ಕೋಟನ್ನೂ ಅವಳು ಮೊದಲು ಕಂಡಿರಲಿಲ್ಲ, ತರಗತಿಯಲ್ಲೇ ಇಟ್ಟಿರುತ್ತಿದ್ದನೇನೋ. ಹಾಗಾದರೆ ಇದು ಮನೆಯ ಹೊರಗಿನ ಅವನು. ಒಂದು ಜೇಬಿನಲ್ಲಿ ಬೆಂಕಿಪೊಟ್ಟಣ, ಇನ್ನೊಂದರಲ್ಲಿ ಒಂದು ಸೀಟಿ, ಪೆಪ್ಪರ್‌ಮಿಂಟು, ಸೀಮೆಸುಣ್ಣದ ತುಂಡು. ಕಳ್ಳ, ಎಂದುಕೊಂಡಳು. ನನಗೆ ಹೇಳದೆ ಸೇದುತ್ತಿದ್ದ, ಆಮೇಲೆ ಬಾಯಿಗೆ ಪೆಪ್ಪರ್‌ಮಿಂಟು ಹಾಕಿಕೊಂಡು ಬರುತ್ತಿದ್ದ. ಸೀಟಿ ಯಾಕೆ ಎಂಬುದು ಮಾತ್ರ ಬಗೆಹರಿಯಲಿಲ್ಲ. ತರಗತಿಯಲ್ಲಿ ಗಲಾಟೆ ಮಾಡಿದರೆ ಊದುತ್ತಿದ್ದನೇನೋ. ಊದುವಂಥವನೇ. ಅವನ ಬಗ್ಗೆ ಹೊಸದಾಗಿ ತಿಳಿಯುವುದು ಇನ್ನೂ ಬಾಕಿ ಇದೆ ಎಂಬುದೇ ಅವಳಿಗೆ ದೊಡ್ಡ ಆಸರೆಯಾಗಿತ್ತು. ಜೇಬಿಗೆ ಕೈ ಹಾಕಿಕೊಂಡರೆ ಮಾತ್ರ ನಿದ್ದೆ ಹತ್ತುತ್ತಿತ್ತು.

ಆ ಮಧ್ಯಾಹ್ನ ಬೇಕರಿಯಕ್ಕ ಬಂದಳು. ಅವಳು ಗಂಡನ ಸಂಜೆ ತರಗತಿಯ ವಿದ್ಯಾರ್ಥಿನಿ. ಸ್ವಂತ ಬೇಕರಿ, ಹಿಟ್ಟು ನಾದಿ ಗಟ್ಟಿಯಾದ ತೋಳು, ಅದಕ್ಕೆ ತಕ್ಕ ಗಂಟಲು. ಇನ್ನೂ ಬಿಸಿಯಾಗಿದ್ದ ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ಸುತ್ತುಬಳಸದೆ ಮಾತಿಗಿಳಿದಳು.

"ಮೇಡಂ, ನೀವೂ ಇಂಗ್ಲಿಷಿನಲ್ಲಿ ಎಂ.ಎ. ಅಂತ ಮೇಷ್ಟ್ರು ಬಾಯ್ತುಂಬ ಹೇಳ್ತಿದ್ದರು. ತರಗತೀಲಿ ಓದ್ತಿದ್ದ ಕಥೆ ಅರ್ಧಕ್ಕೆ ನಿಂತಿದೆ. ಭೂತ ಮಹಡಿ ಮೇಲೆ ಓಡಾಡ್ತಾ ಇದೆ, ಆ ಯಮ್ಮ ಮೆಟ್ಟಿಲ ಮೇಲೆ ನಿಂತಿದ್ದಾಳೆ, ನಾವು ಅವಳನ್ನ ಅಲ್ಲೇ ಬಿಟ್ಟು..." ಅಷ್ಟರಲ್ಲಿ ಅವಳ ಕಣ್ಣು ಮಲಗುವ ಕೋಣೆಯ ಬಾಗಿಲಂಚಿನಲ್ಲಿ ಇಣುಕುತ್ತಿದ್ದ ಕೋಟಿನ ಮೇಲೆ ಬಿತ್ತು. ಮಾತು ಅಲ್ಲೇ ನಿಂತಿತು. "...ಬ್ರೆಡ್ಡು ಬಿಸಿ ಇದ್ದಾಗ ಕೊಯ್ಯಬೇಡಿ, ಮುದ್ದೆಯಾಗುತ್ತೆ," ಎಂದು ಎದ್ದೇಬಿಟ್ಟಳು.

"ಕಥೆ?" ಎಂದಳು ಸೊಸೆ.

"ಕಥೆ ಮುಗೀತು ಬಿಡಿ. ಮುಗಿದ ಹಾಗೇನೇ. ನೀವು ಬನ್ನಿ, ಬ್ಯಾಂಕಿನಲ್ಲಿ ಹೇಗೆ ಮಾತಾಡೋದು ಅಂತ ಹೇಳಿಕೊಡಿ, ಸಾಕು."

ಬೇಕರಿಯಕ್ಕ ಹೋದ ಮೇಲೆ ಅತ್ತೆ ಬ್ರೆಡ್ಡು ಕೊಯ್ದರು, ಬಿಸಿ ಇರುವಾಗಲೇ. ಮುದ್ದೆಯಾಯಿತು. "ಹೋಗಿ ಬಾ," ಎಂದರು ತಲೆಯೆತ್ತದೆ. "ಇಲ್ಲಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎಷ್ಟು ಅಂತ ಕೂತಿರೋದು?"

ಆ ಕಥೆ ಅವಳಿಗೆ ಬಾಯಿಪಾಠವಿತ್ತು. ಕೆರೆಯ ದಂಡೆಯ ಮೇಲೊಂದು ಕಲ್ಲುಮನೆ. ಮನೆಯೊಡೆಯ ಸತ್ತಿದ್ದಾನೆ. ಮಹಡಿಯ ಮೇಲಿನ ಅವನ ಕೋಣೆಗೆ ಬೀಗ. ಕತ್ತಲಾಗುತ್ತಿದ್ದಂತೆ ಅಲ್ಲಿ ಹೆಜ್ಜೆ ಸಪ್ಪಳ. ಹೆಂಡತಿ ಮೇಣದ ಬತ್ತಿ ಹಿಡಿದು ಮೆಟ್ಟಿಲ ಮೇಲೆ ನಿಂತು "ಹೂ ಈಸ್ ದೇರ್?" ಎಂದು ಕೇಳುತ್ತಾಳೆ, ಯಾರದು ಎಂದು. ಉತ್ತರ ಬರುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಅವಳು ಪ್ರಬಂಧ ಬರೆದದ್ದೇ ಇಂಥ ಹಳೆಯ ಭಯದ ಕಥೆಗಳ ಮೇಲೆ. ಹೊಸದಾಗಿ ಇಂಗ್ಲಿಷ್ ಕಲಿಯುವವರಿಗೆಂದು ಇದನ್ನು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಇಳಿಸಿಕೊಟ್ಟವಳೂ ಅವಳೇ. ಆಗ ಊಟದ ಮೇಜಿನ ಮೇಲೆ ಜಗಳವೇ ಆಗಿತ್ತು. "ಅರ್ಜಿ ತುಂಬೋಕೆ ಕಲೀಬೇಕಾದವರಿಗೆ ಭೂತ ಯಾಕೋ?" ಎಂದು ಅವಳು. "ಹೆದರಿಕೊಂಡವರಿಗೆ ಅದು ಇಂಗ್ಲಿಷು ಅನ್ನೋದೇ ಮರೆತುಹೋಗುತ್ತೆ ಕಣೇ," ಎಂದು ಅವನು.

ಸಂಜೆ ಚಳಿ ಬಿದ್ದಿತು. ಅವನ ಕೈಚೀಲವನ್ನು ಹೆಗಲಿಗೇರಿಸಿಕೊಂಡು ಹೊಸ್ತಿಲವರೆಗೆ ಹೋದವಳಿಗೆ ಕೋಟು ಬಿಟ್ಟು ಹೊರಡಲು ಕಾಲು ಬರಲಿಲ್ಲ. ಹಿಂದೆ ಬಂದು ತೊಟ್ಟುಕೊಂಡಳು.

ಮುದ್ರಣಾಲಯದ ಗೇಟಿನ ಪಕ್ಕ ಕಾವಲುಗಾರನ ಗೂಡಿತ್ತು. ಅದರೆದುರು ಒಬ್ಬ ಎತ್ತರದ ಮುದುಕ ಹಳೆಯ ಮೇಜುಬಟ್ಟೆಯೊಂದನ್ನು ಮೈಗೆ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದ. ಎಲ್ಲರೂ ಅವನನ್ನು ವಾಚ್‌ಮನ್ ತಾತ ಎನ್ನುತ್ತಿದ್ದರು. ಅವಳನ್ನು ಕಂಡು ಧಡಕ್ಕನೆ ಎದ್ದು ಸೆಲ್ಯೂಟ್ ಹೊಡೆದ. ಮೇಜುಬಟ್ಟೆ ಜಾರಿತು, ಹಿಡಿದುಕೊಂಡ.

"ಬನ್ನಿ ಅಮ್ಮಾ. ಚಳಿ ಇದೆ, ಗುಂಡಿ ಹಾಕ್ಕೊಳ್ಳಿ. ಮೇಲಿಂದ ಎರಡನೇದು ಸ್ವಲ್ಪ ಸಡಿಲ, ಹುಷಾರು, ಉದುರಿಬಿಡುತ್ತೆ."

ಹೌದು, ಎರಡನೆಯ ಗುಂಡಿ ನೂಲಿನಲ್ಲಿ ಜೋಲುತ್ತಿತ್ತು. ಮುದುಕನ ಕಣ್ಣು ಎಷ್ಟು ಚುರುಕು ಎಂದುಕೊಂಡು ಅವಳು ಮೆಟ್ಟಿಲು ಹತ್ತಿದಳು.

ಮೇಲಿನ ಹಜಾರದಲ್ಲಿ ಕಾಗದದ ಕಟ್ಟುಗಳ ನಡುವೆ ಬೆಂಚುಗಳು. ಕೆಳಗೆ ಯಂತ್ರ ಓಡಿದಾಗಲೆಲ್ಲ ನೆಲ ನಡುಗುತ್ತಿತ್ತು. ಇನ್ನೂ ಮೂವರೇ ಬಂದಿದ್ದರು. ಬೇಕರಿಯಕ್ಕ, ಒಬ್ಬ ಲಾರಿ ಡ್ರೈವರ್, ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಒಬ್ಬ ತೆಳ್ಳನೆಯ ಹುಡುಗಿ. ಡ್ರೈವರನ ಮೀಸೆ ಎಷ್ಟು ದೊಡ್ಡದೋ ಭೂತದ ಭಯವೂ ಅಷ್ಟೇ ದೊಡ್ಡದು ಎಂದು ಗಂಡ ಹೇಳಿದ್ದು ಅವಳಿಗೆ ನೆನಪಿತ್ತು. ಮೂವರೂ ಎದ್ದು ನಿಂತರು. ಮೂವರೂ ಕೋಟು ನೋಡಿದರು, ಆಮೇಲೆ ಮೂವರೂ ನೆಲ ನೋಡಿದರು.

"ಕಥೆ ಎಲ್ಲಿಗೆ ಬಂದಿತ್ತು?" ಎಂದಳು.

"ಯಾವ ಕಥೆ?" ಎಂದ ಡ್ರೈವರ್.

"ಭೂತದ್ದು."

"ಓ, ಅದಾ! ಅದು ಭೂತ ಅಲ್ವಂತೆ ಮೇಡಂ. ಬೆಕ್ಕಂತೆ. ಮಹಡಿ ಮೇಲೆ ಬೆಕ್ಕು ಓಡಾಡ್ತಿತ್ತು. ಸಿಕ್ಕಿತು. ಮುಗೀತು."

"ಯಜಮಾನ?"

"ಯಜಮಾನ ಊರಿಗೆ ಹೋಗಿದ್ದಾನೆ," ಎಂದಳು ಬೇಕರಿಯಕ್ಕ. "ಬರ್ತಾನೆ."

ಆಯಾ ಹುಡುಗಿ ಕೈಯಲ್ಲಿದ್ದ ಹಾಳೆಗಳನ್ನು ಮೆಲ್ಲಗೆ ಬೆಂಚಿನ ಕೆಳಗೆ ತಳ್ಳುತ್ತಿದ್ದಳು.

ಅವಳಿಗೆ ಅರ್ಥವಾಯಿತು. ಗಂಡ ಸತ್ತವಳ ಮುಂದೆ ಗಂಡ ಸತ್ತವಳ ಕಥೆ ಓದಬಾರದೆಂದು ಇವರೆಲ್ಲ ಸೇರಿ ಸತ್ತವನನ್ನು ಊರಿಗೆ ಕಳಿಸಿದ್ದರು. "ಆ ಕಥೆ ಬರೆದುಕೊಟ್ಟಿದ್ದೇ ನಾನು," ಎಂದಳು. "ಅದರಲ್ಲಿ ಬೆಕ್ಕಿಲ್ಲ."

ಡ್ರೈವರ್ ಬೇಕರಿಯಕ್ಕನ ಕಡೆ ತಿರುಗಿದ. "ನಾನು ಹೇಳಿದ್ದೆ, ಬೆಕ್ಕು ಬೇಡ ಅಂತ."

"ನೀನು ನಾಯಿ ಅಂದಿದ್ದೆ. ನಾಯಿ ಮೆಟ್ಟಿಲಲ್ಲಿ ಹಾಗೆ ನಡೆಯುತ್ತಾ?"

"ಓದೋಣ," ಎಂದಳು ಅವಳು. "ಹಾಳೆ ಮೇಲೆ ತೆಗೀರಿ."

ಪಾಠ ಶುರುವಾಯಿತು. ಮೊದಲು ಅವರೇ ಅವಳಿಗೆ ಪಾಠದ ರೀತಿ ಹೇಳಬೇಕಾಯಿತು. ಮೇಷ್ಟ್ರ ತರಗತಿಯಲ್ಲಿ ಪದದ ಅರ್ಥ ಕೇಳುವ ಹಾಗಿರಲಿಲ್ಲ. ಗೊತ್ತಿಲ್ಲದ ಪದ ಬಂದರೆ ಒಬ್ಬೊಬ್ಬರ ಪಾಲಿಗೆ ಒಂದೊಂದು. ಮುಂದಿನ ಸಂಜೆ ಆ ಪದವನ್ನೇ ಹಿಡಿದುಕೊಂಡು ಬರಬೇಕು. ಎಲ್ಲರೂ ಅದನ್ನು ಮುಟ್ಟಬೇಕು, ಮೂಸಬೇಕು, ತೂಗಬೇಕು. ಡ್ರೈವರ್ ಕಾಗದದ ಕಟ್ಟಿನ ಹಿಂದಿನಿಂದ ಮಸಿ ಹಿಡಿದ ಲಾಟೀನು ತೆಗೆದ, "ಲ್ಯಾಂಟರ್ನ್." ಬೇಕರಿಯಕ್ಕ ತನ್ನ ಗೋದಾಮಿನ ಮೊಳದುದ್ದದ ಬೀಗದಕೈ ಎತ್ತಿ ತೋರಿಸಿದಳು, "ಕೀ. ರಸ್ಟಿ ಕೀ." ತುಕ್ಕಿಗಾಗಿ ಅದನ್ನು ನೀರಲ್ಲಿ ಹಾಕಿಟ್ಟಿದ್ದಳಂತೆ. ಆಯಾಳ ಬಳಿ ಮೇಣದ ಬತ್ತಿಯಿತ್ತು. ಬತ್ತಿ ಸಿಕ್ಕಿಸಿದ್ದ ಹಿತ್ತಾಳೆ ಸ್ಟ್ಯಾಂಡು ತನ್ನ ಮನೆಯದೇ, ಗಂಡನೇ ತಂದು ಹುಡುಗಿಗೆ ಕೊಟ್ಟಿರಬೇಕು ಎಂದು ಅವಳಿಗೆ ಗುರುತು ಸಿಕ್ಕಿತು. ಅತ್ತೆ ಅದಕ್ಕಾಗಿ ಮನೆಯೆಲ್ಲ ಹುಡುಕಿದ್ದರು.

"ಹೆಜ್ಜೆ ಸಪ್ಪಳಾನ ಹೇಗೆ ತಂದಿರಿ?"

"ಕೆಳಗೆ ದೊಡ್ಡ ಮಿಷನ್ ಶುರು ಮಾಡೋ ಹೊತ್ತಿಗೆ ಸರಿಯಾಗಿ ಮೇಷ್ಟ್ರು ಆ ಸಾಲಿಗೆ ಬರ್ತಿದ್ದರು," ಎಂದ ಡ್ರೈವರ್. "ಒಂದು ದಿನ ನಾನು ಬೆಂಚಿನ ಮೇಲೇ ಹತ್ತಿಬಿಟ್ಟೆ. ನಗಬೇಡಿ ಮೇಡಂ, ಈ ಅಕ್ಕನೂ ಹತ್ತಿದಳು."

"ನಾನು ನಿನ್ನ ಇಳಿಸೋಕೆ ಹತ್ತಿದ್ದು!"

ಆಯಾ ಓದತೊಡಗಿದಳು. ತಡವರಿಸುತ್ತ, ಒಂದೊಂದು ಪದಕ್ಕೂ ಬೆರಳಿಟ್ಟು ಓದುತ್ತಿದ್ದಳು. ಕೋಣೆ ತಣ್ಣಗಿತ್ತು. ಕಿಟಕಿ ಅಲುಗಿತು. ಆಮೇಲೆ ಬೆರಳು ಒಂದು ಸಾಲು ಹಾರಿ ಕೆಳಗಿಳಿಯಿತು.

"ಒಂದು ಸಾಲು ಬಿಟ್ಟಿರಿ," ಎಂದಳು ಅವಳು.

ಹುಡುಗಿ ಬೇಕರಿಯಕ್ಕನ ಕಡೆ ನೋಡಿದಳು. ಬೇಕರಿಯಕ್ಕ ಬೀಗದಕೈ ನೋಡಿದಳು. ಬೇರೆ ದಾರಿ ಕಾಣದೆ ಹುಡುಗಿ, ಇದ್ದ ದನಿಯನ್ನೂ ಇಳಿಸಿ, ಸಾಲನ್ನು ಓದಿದಳು. ಬಾಗಿಲ ಹಿಂದೆ ಸತ್ತವನ ಕಪ್ಪು ಓವರ್‌ಕೋಟು ನೇತಾಡುತ್ತಿತ್ತು.

ಆ ಸಾಲನ್ನು ಬರೆದವಳು ತಾನೇ. ಮರೆತಿರಲಿಲ್ಲ, ಆದರೆ ನೆನಪೂ ಆಗಿರಲಿಲ್ಲ.

"ಓವರ್‌ಕೋಟು," ಎಂದಳು ನಿಧಾನವಾಗಿ. "ಇದು ಯಾರ ಪಾಲಿಗೆ ಬಂದಿತ್ತು? ಯಾರು ತಂದಿದ್ದಿರಿ?"

ಡ್ರೈವರ್ ಲಾಟೀನಿನ ಗಾಜು ಒರೆಸಿದ. ಅವಳು ತನ್ನ ಕೈ ನೋಡಿಕೊಂಡಳು. ಕೋಟಿನ ತೋಳು ಬೆರಳ ತುದಿಯನ್ನೂ ದಾಟಿ ಕೆಳಗೆ ಇಳಿದಿತ್ತು. ಅವಳ ಗಂಡ ಅವಳಿಗಿಂತ ಎರಡು ಬೆರಳೂ ಎತ್ತರವಿರಲಿಲ್ಲ. ಈ ತೋಳಿನಲ್ಲಿ ಅವನ ಕೈಯೂ ಹೀಗೇ ಮುಳುಗಿಹೋಗಿರಬೇಕು. ಅದಕ್ಕೇ ಅವನು ಕರಡಿಯಂತೆ ಕಂಡದ್ದು. ಎರಡನೆಯ ಗುಂಡಿ ಸಡಿಲ ಎಂದು ಕತ್ತಲಲ್ಲಿ ಕೂತ ಮುದುಕ ಹೇಳಿದ್ದು, ಮೇಜುಬಟ್ಟೆ ಸುತ್ತಿಕೊಂಡು.

"ವಾಚ್‌ಮನ್ ತಾತನದಾ?"

ಬೇಕರಿಯಕ್ಕ ತಲೆಯಾಡಿಸಿದಳು. "ಮೇಷ್ಟ್ರ ಪಾಲಿಗೇ ಬಂದಿತ್ತು. ತಾತನ್ನ ಕೇಳಿ ಇಸಕೊಂಡರು. ಇಲ್ಲಿ ಭೂತದ ಹಾಗೆ ಹಾಕ್ಕೊಂಡು ಬಂದು, ಚೆನ್ನಾಗಿ ಕಂಡಿತು ಅಂತ, ನಿಮಗೆ ತೋರಿಸಿ ನಾಳೆ ಸಂಜೆ ತಂದುಕೊಡ್ತೀನಿ ಅಂತ ಹಾಗೇ ಮನೆಗೆ ಹೋದರು."

"ನಿಮಗೆ ತೋರಿಸಿ," ಎಂದು ಅವಳು ತುಟಿಯಲ್ಲೇ ಹೇಳಿಕೊಂಡಳು. ತಲೆ ಎತ್ತದೆ ಕೂತದ್ದು ನೆನಪಾಯಿತು.

"ಯಾರೂ ಬಾಯಿ ಬಿಡಬಾರದು ಅಂತ ತಾತ ಆಣೆ ಹಾಕಿಸಿದ್ದಾನೆ," ಎಂದ ಡ್ರೈವರ್. "ನಾನು ಬಿಟ್ಟಿಲ್ಲ. ಈಗ ನೀವೇ ಬಿಡಿಸಿದ್ದು."

"ಅವರು ಸಿಗರೇಟು ಸೇದುತ್ತಿದ್ದರಾ?"

"ಯಾರು, ಮೇಷ್ಟ್ರಾ?" ಬೇಕರಿಯಕ್ಕ ಕಣ್ಣರಳಿಸಿದಳು. "ನನ್ನ ಒಲೆ ಹೊಗೆಗೇ ಕೆಮ್ಮಿ ಕೆಮ್ಮಿ ಸಾಯೋರು." ಆಡಿದ ಮಾತು ಕಿವಿಗೆ ಬಿದ್ದು ನಾಲಿಗೆ ಕಚ್ಚಿಕೊಂಡಳು.

ಹಾಗಾದರೆ ಸೀಟಿಯೂ ಅವನದಲ್ಲ. ಪೆಪ್ಪರ್‌ಮಿಂಟೂ ಅಲ್ಲ. ತಾನು ಇಷ್ಟು ದಿನ ಹೊದ್ದು ಮಲಗಿದ್ದ ಗುಟ್ಟಿನ ಗಂಡ, ಮನೆಯ ಹೊರಗಿನ ಅವನು, ಗೇಟಿನ ಬಳಿ ಸ್ಟೂಲಿನ ಮೇಲೆ ಕೂತಿದ್ದಾನೆ. ಸೂಜಿಯ ಜೋಮು ಇಳಿಯತೊಡಗಿದಾಗ ದವಡೆಯ ಯಾವುದೋ ಮೂಲೆಯಲ್ಲಿ ಮೊದಲು ಚುಳ್ಳೆನ್ನುತ್ತದಲ್ಲ, ಹಾಗೆ ಚುಳ್ಳೆಂದಿತು. ಅವಳು ಬೆಂಚಿನ ಅಂಚು ಹಿಡಿದುಕೊಂಡಳು.

"ಮುಂದೆ ಓದಿ," ಎಂದಳು.

ಓದಿದರು. ಆ ಹೆಂಗಸು ಬೀಗದಕೈ ಹಿಡಿದು ಬಾಗಿಲ ಮುಂದೆ ನಿಂತಲ್ಲಿಗೆ ಹಾಳೆಗಳು ಮುಗಿದವು. ಕೊನೆಯ ಹಾಳೆಯನ್ನು ಮೇಷ್ಟ್ರು ತಮ್ಮ ಬಳಿಯೇ ಇಟ್ಟುಕೊಳ್ಳುತ್ತಿದ್ದರು. ತರಗತಿಯವರು ತಮ್ಮ ತಮ್ಮ ಕೊನೆ ಹೇಳುವ ತನಕ ಕೊಡುತ್ತಿರಲಿಲ್ಲ. ಅದೂ ಅವರ ಪದ್ಧತಿ.

"ಹೇಳಿ," ಎಂದಳು. "ಬಾಗಿಲ ಹಿಂದೆ ಏನಿರುತ್ತೆ?"

"ಅದು ಬಿಡಿ, ಇಷ್ಟು ದೊಡ್ಡ ಮನೆ ಇಟ್ಟುಕೊಂಡು ಒಬ್ಬಳೇ ಯಾಕೆ ಇದ್ದಾಳೆ?" ಎಂದಳು ಬೇಕರಿಯಕ್ಕ. "ಒಂದು ಕೋಣೆ ಬಾಡಿಗೆಗೆ ಕೊಟ್ಟಿದ್ದರೆ? ಮಕ್ಕಳಿರೋ ಸಂಸಾರ. ಆ ಗಲಾಟೆಗೆ ಯಾವ ಭೂತ ನಿಲ್ಲುತ್ತೆ?"

"ಭೂತ ಬರಲಿ," ಎಂದ ಡ್ರೈವರ್ ಧೈರ್ಯ ತಂದುಕೊಂಡು. "ಬಂದು, ಹೆಂಡತಿಗೆ ಹೇಳದೆ ಬಿಟ್ಟುಹೋಗಿದ್ದು ಏನಾದರೂ ಇದ್ದರೆ ಹೇಳಿ ಹೋಗಲಿ. ಅಷ್ಟೇ. ಜಾಸ್ತಿ ಹೊತ್ತು ನಿಲ್ಲೋದು ಬೇಡ."

ಆಯಾ ಮೇಣದ ಬತ್ತಿಯನ್ನು ನೆಟ್ಟಗೆ ನಿಲ್ಲಿಸಿದಳು. "ನಮ್ಮ ವಾರ್ಡಿನಲ್ಲಿ ಯಾರಾದರೂ ಹೋದರೆ ಅವರ ಮನೆಯವರ ಪಕ್ಕ ನಾವು ಒಬ್ಬರು ಸುಮ್ಮನೆ ಕೂತಿರ್ತೀವಿ. ಮಾತಾಡಲ್ಲ. ಈ ಕಥೇಲಿ ಅವಳ ಪಕ್ಕ ಯಾರೂ ಕೂತೇ ಇಲ್ಲ."

ಅವಳು ಗಂಡನ ಕೈಚೀಲದಿಂದ ಕೊನೆಯ ಹಾಳೆ ತೆಗೆದು ಓದಿದಳು. ಹೆಂಗಸು ಬೀಗ ತೆಗೆಯುತ್ತಾಳೆ. ಒಳಗೆ ಯಾರೂ ಇಲ್ಲ. ಖಾಲಿ ಕೋಣೆ, ಕಿಟಕಿಗೆ ಬಡಿಯುವ ಕೊಂಬೆ. ಅವಳು ನಿಜವಾಗಿ ಹೆದರುವುದು ಆಗ. ಒಳಗೆ ಹೋಗುತ್ತಾಳೆ, ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ. ಅಂದಿನಿಂದ ಕೆರೆಯ ದಂಡೆಯಲ್ಲಿ ಹಾದುಹೋಗುವವರಿಗೆ ಎರಡು ಜೊತೆ ಹೆಜ್ಜೆ ಕೇಳಿಸುತ್ತದೆ.

"ಇಷ್ಟೇನಾ?" ಎಂದಳು ಬೇಕರಿಯಕ್ಕ. ಸಿಟ್ಟು ಬಂದಿತ್ತು. "ಹಾದುಹೋಗೋರು ಇದ್ದಾರೆ ತಾನೇ? ಕೇಳಿಸುತ್ತೆ ತಾನೇ? ಒಬ್ಬರಿಗಾದರೂ ಬಾಗಿಲು ಬಡಿಯೋಕೆ ಏನಾಗಿತ್ತು ದಾಡಿ?"

"ಇಂಥ ಕಥೆಗಳಲ್ಲಿ ಅಕ್ಕಪಕ್ಕದವರು ಇರೋದಿಲ್ಲ," ಎಂದಳು ಅವಳು. "ಇದ್ದರೆ ಕಥೆ ನಡೆಯೋದಿಲ್ಲ." ಹೇಳಿದ ಮೇಲೆ, ಅಷ್ಟು ದಪ್ಪ ಪ್ರಬಂಧದಲ್ಲಿ ಇದನ್ನೊಂದು ಬರೆದೇ ಇರಲಿಲ್ಲವಲ್ಲ ಎನ್ನಿಸಿತು.

ಇಳಿದು ಬಂದಾಗ ವಾಚ್‌ಮನ್ ತಾತ ಗೇಟಿನ ಬಳಿ ನಿಂತು ಕೆಮ್ಮುತ್ತಿದ್ದ. ಈಗಲೇ ಬಿಚ್ಚಿ ಕೊಟ್ಟುಬಿಡಬೇಕು ಎಂದು ಗುಂಡಿಗೆ ಕೈ ಹಾಕಿದಳು. ಬೆರಳು ಗುಂಡಿಯ ಮೇಲೆಯೇ ನಿಂತಿತು. ಇದು ಹೋದರೆ ಬಾಗಿಲ ಹಿಂದೆ ಬರೀ ಮೊಳೆ ಉಳಿಯುತ್ತದೆ.

"ತಾತ, ನಾಳೆ..." ಎಂದಳು.

ಅವನು ಮಹಡಿಯ ಕಡೆ ನೋಡಿದ. ವಿಷಯ ಹೊರಬಿದ್ದಿದೆ ಎಂದು ತಿಳಿಯಿತು. "ಹೇಳಿಬಿಟ್ಟರಾ? ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ ಇವರಿಗೆ. ಯಾವ ಅವಸರಾನೂ ಇಲ್ಲ ಅಮ್ಮಾ. ನಂಗೆ ಈ ಬಟ್ಟೆ ಬೆಚ್ಚಗಿದೆ." ಹೇಳಿ ಮುಗಿಸುವಷ್ಟರಲ್ಲಿ ಮತ್ತೆ ಕೆಮ್ಮು.

ಅವಳು ಕೋಟು ತೊಟ್ಟುಕೊಂಡೇ ಮನೆಗೆ ಹೋದಳು.

ಅತ್ತೆ ಟೀ ಇಟ್ಟು ಕಾಯುತ್ತಿದ್ದರು. ಅವಳು ಕೋಟು ಬಿಚ್ಚಿ ಮೇಜಿನ ಮೇಲೆ ಹಾಕಿದಳು. ಬೆಂಕಿಪೊಟ್ಟಣ, ಸೀಟಿ, ಪೆಪ್ಪರ್‌ಮಿಂಟು ಎಲ್ಲ ಹೊರಗೆ ತೆಗೆದಿಟ್ಟಳು. "ಅವರದಲ್ಲ ಅತ್ತೆ. ಅಲ್ಲಿನ ಕಾವಲಿನವರದು. ಪಾಠಕ್ಕೆ ಅಂತ ಇಸಕೊಂಡಿದ್ದರಂತೆ."

ಅತ್ತೆಯ ಮುಖ ಅರಳಿತು. "ನಾನು ಹೇಳ್ಲಿಲ್ವಾ? ನನ್ನ ಮಗ ಸೇದೋನಲ್ಲ ಅಂತ ಹೇಳ್ಲಿಲ್ವಾ?" ಎಂದು ಮೇಜು ಗುದ್ದಿದರು. ಆಮೇಲೆ ಕಣ್ಣು ಕಿರಿದು ಮಾಡಿದರು. "ಹಾಗಾದ್ರೆ ನೀನು ಇಷ್ಟು ದಿನ ತಬ್ಬಿಕೊಂಡು ಮಲಗಿದ್ದು..."

"ಆ ತಾತನ ಕೋಟು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಗು ಬಂದದ್ದು ಅತ್ತೆಗೆ. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಅವಳಿಗೂ ಬಂತು, ಹೊಟ್ಟೆ ಹಿಡಿದುಕೊಳ್ಳುವಷ್ಟು, ಕುರ್ಚಿಯಿಂದ ಜಾರುವಷ್ಟು. ಆ ನಗು ಯಾವ ತಿರುವಿನಲ್ಲಿ ಅಳುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು ಅವಳು ಅತ್ತಳು. ಸದ್ದು ಮಾಡಿ, ಮೂಗು ಸೋರಿಸಿಕೊಂಡು, ಮಕ್ಕಳ ಹಾಗೆ.

"ಅವರು ಹೇಗಿದ್ದೀನಿ ಅಂತ ಕೇಳಿದರು ಅತ್ತೆ. ನಾನು ತಲೆ ಎತ್ತಲಿಲ್ಲ."

"ದಿನಾ ಕೇಳ್ತಿದ್ದ. ದಿನಾ ಯಾರು ಎತ್ತುತ್ತಾರೆ?"

"ಇದೂ ಹೋದರೆ ನನ್ನ ಹತ್ತಿರ ಏನಿದೆ?"

"ನಾನಿದ್ದೀನಲ್ಲೇ. ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಗೊತ್ತಿಲ್ಲದ ಮುದುಕಿ." ಅತ್ತೆ ಅವಳ ಮೂಗು ಒರೆಸಿದರು, ಸ್ವಲ್ಪ ಒರಟಾಗಿಯೇ. "ಮತ್ತೆ ನಾಳೆ ಹಾಲು ಉಕ್ಕಿಸಿದರೆ ಬೈತೀನಿ, ಗೊತ್ತಾಯ್ತಾ? ಸೂಜಿ ದಾರ ಕೊಡು ಇಲ್ಲಿ. ಇಸಕೊಂಡ ವಸ್ತೂನ ಗುಂಡಿ ಜೋಲಾಡಿಸಿಕೊಂಡು ಯಾರಾದರೂ ವಾಪಸ್ ಕೊಡ್ತಾರಾ?"

ಮರುದಿನ ಬೆಳಗ್ಗೆ ಅವಳು ಕೋಟನ್ನು ಮಡಿಸಿ, ತೋಳಿನ ಮೇಲೆ ಹಾಕಿಕೊಂಡು ಹೊರಟಳು. ಬೆಂಕಿಪೊಟ್ಟಣ, ಸೀಟಿ, ಪೆಪ್ಪರ್‌ಮಿಂಟು ತಮ್ಮ ತಮ್ಮ ಜೇಬು ಸೇರಿದ್ದವು. ಸೀಮೆಸುಣ್ಣವನ್ನು ಮಾತ್ರ ಅವಳು ತನ್ನ ಪರ್ಸಿನಲ್ಲಿ ಇಟ್ಟುಕೊಂಡಿದ್ದಳು. ಅದಂತೂ ಮೇಷ್ಟ್ರದೇ, ಕಾವಲಿನವನಿಗೆ ಅದರಿಂದೇನು ಕೆಲಸ?

ಗೂಡಿನ ಬಾಗಿಲು ಮುಚ್ಚಿತ್ತು. ಬಡಿದಳು.

"ಹೂ ಈಸ್ ದೇರ್?" ಎಂದಿತು ಒಳಗಿನಿಂದ ಒಂದು ಗೊಗ್ಗರು ದನಿ.

"ನಾನು," ಎಂದಳು.

ತಾತ ಬಾಗಿಲು ತೆರೆದು ನಾಚಿಕೊಂಡ. "ಮೆಟ್ಟಿಲ ಕೆಳಗೆ ಕೂತು ಕೇಳಿ ಕೇಳಿ ಬಂದಿದ್ದು ಅಮ್ಮಾ. ಕಾವಲಿನವನಿಗೆ ಬೇಕಾಗಿರೋದು ಇದೊಂದೇ ಇಂಗ್ಲಿಷು ಅಂತ ಮೇಷ್ಟ್ರು ನಗ್ತಿದ್ದರು." ಕೋಟು ಇಸಕೊಂಡವನೇ ಮೊದಲು ಎರಡನೆಯ ಗುಂಡಿ ಎಳೆದು ನೋಡಿದ. ಭದ್ರವಾಗಿತ್ತು. ಜೇಬಿಗೆ ಕೈಹಾಕಿ ತಡಕಿದ. "ಸೀಟಿ ಇದೆ. ಕಡ್ಡಿಪೆಟ್ಟಿಗೆ ಇದೆ. ಒಂದು ಸೀಮೆಸುಣ್ಣ ಇತ್ತಲ್ಲ?"

"ಅದು ನಿಮ್ಮದಾ?"

"ಮೇಷ್ಟ್ರು ಕೊಟ್ಟಿದ್ದು." ಅವನು ಪಕ್ಕಕ್ಕೆ ಸರಿದು ಬಾಗಿಲ ಒಳಮೈ ತೋರಿಸಿದ. ಹಸಿರು ಬಣ್ಣ ಬಳಿದ ಹಲಗೆಯ ತುಂಬ ಸೊಟ್ಟ ಸೊಟ್ಟ ಇಂಗ್ಲಿಷ್ ಅಕ್ಷರಗಳು, ಒಂದರ ಮೇಲೊಂದು ಬೀಳುವ ಹಾಗೆ. ಎಲ್ಲಕ್ಕೂ ಮೇಲೆ ಒಂದು ಸಾಲು ಮಾತ್ರ ನೆಟ್ಟಗೆ, ದುಂಡಗೆ ಇತ್ತು. ಆ ಕೈಬರಹ ಅವಳಿಗೆ ಗೊತ್ತಿತ್ತು. ಕೊನೆಯ ಪದದ ಬಾಲವನ್ನು ಅನಗತ್ಯವಾಗಿ ಎಳೆಯುವುದು ಅವನ ಅಭ್ಯಾಸ. ಯಾರದು ಎಂದು ಕೇಳುತ್ತಿತ್ತು ಆ ಸಾಲು.

"ನೋಡಿ ಬರೀ ಅಂತ ಬರೆದುಕೊಟ್ಟಿದ್ದರು. ಅದಕ್ಕೆ ಏನು ಉತ್ತರ ಕೊಡಬೇಕು ಅನ್ನೋದನ್ನ ಕೋಟು ವಾಪಸ್ ಕೊಡುವಾಗ ಬರೆದುಕೊಡ್ತೀನಿ ಅಂದಿದ್ದರು." ಮುದುಕ ಕೋಟನ್ನು ಎದೆಗೆ ಹಿಡಿದುಕೊಂಡು ನೆಲ ನೋಡಿದ. "ಇರಲಿ ಬಿಡಿ. ಈ ವಯಸ್ಸಿನಲ್ಲಿ ಯಾಕೆ ಅದೆಲ್ಲ."

ಅವಳು ಪರ್ಸು ತೆರೆದು ಸೀಮೆಸುಣ್ಣ ತೆಗೆದಳು. ಆ ಸಾಲನ್ನು ಮತ್ತೊಮ್ಮೆ ನೋಡಿದಳು, ಈ ಸಲ ತಲೆ ಎತ್ತಿ, ಸರಿಯಾಗಿ. ಅದರ ಕೆಳಗೆ ಸ್ವಲ್ಪ ಜಾಗ ಉಳಿದಿತ್ತು. ಅವನ ಅಕ್ಷರದಷ್ಟೇ ದುಂಡಗೆ ಉತ್ತರ ಬರೆದಳು, "ನಾನೇ, ಒಳಗೆ ಬರಲಾ?" ಎಂಬರ್ಥದ ಸಣ್ಣ ಇಂಗ್ಲಿಷ್ ಸಾಲು. ಗಟ್ಟಿಯಾಗಿ ಓದಿ ತೋರಿಸಿದಳು. ತಾತ ಎರಡು ಸಲ ತಪ್ಪಾಗಿ ಹೇಳಿದ, ಮೂರನೆಯ ಸಲ ಸರಿಯಾಗಿ.

"ಹಿಡೀರಿ," ಎಂದು ಸೀಮೆಸುಣ್ಣವನ್ನು ಅವನ ಅಂಗೈಯಲ್ಲಿಟ್ಟಳು. "ಸಂಜೆಯಿಂದ ಮೆಟ್ಟಿಲ ಕೆಳಗಲ್ಲ, ಮೇಲೆ ಬಂದು ಕೂತುಕೊಳ್ಳಿ. ಈಗ ಕೋಟು ಹಾಕ್ಕೊಳ್ಳಿ ತಾತ, ಗಾಳಿ ಬೀಸ್ತಿದೆ."

ಅವಳು ಕೋಟನ್ನು ಬಿಡಿಸಿ ಹಿಡಿದಳು. ಮುದುಕ ತಿರುಗಿ ನಿಂತು ಒಂದು ಕೈ ತೂರಿಸಿದ, ಆಮೇಲೆ ಇನ್ನೊಂದು. ಭುಜ ಸರಿಪಡಿಸಿಕೊಂಡು, ಕಾಲರ್ ಎತ್ತಿ, ಅವಳ ಕಡೆ ತಿರುಗಿದ. ತೋಳು ಅವನ ಮಣಿಕಟ್ಟಿಗೆ ಸರಿಯಾಗಿ ಬಂದು ನಿಂತಿತ್ತು.